ಹಲಗೆಯ ಮೇಲೆ ಚಿಯಾ ಬೀಜ

ಈಗಿನ ಮರಕ್ಕೆ ದನಿಯೇ ಇಲ್ಲ ಎಂದು ಅಪ್ಪ ಗೊಣಗಲು ಶುರುಮಾಡಿ ನಾಲ್ಕು ವರ್ಷವಾಗಿತ್ತು. ಬೆಳಿಗ್ಗೆ ಬಿಸಿ ಆತೋಲೆ ಗಂಜಿ ಕುಡಿಯುವಾಗ ಗೊಣಗುತ್ತಿದ್ದರು, ಅಂಟು ಕಾಯಿಸುವಾಗ ಗೊಣಗುತ್ತಿದ್ದರು, ಚರ್ಚಿನಲ್ಲಿ ಪಾದ್ರಿಗಳು ಬೋಧನೆ ಮಾಡುವಾಗಲೂ ಅಕ್ಕಪಕ್ಕದ ಬೆಂಚಿನವರಿಗೆ ಕೇಳುವಷ್ಟು ಗಟ್ಟಿಯಾಗಿ ಗೊಣಗುತ್ತಿದ್ದರು. ನಮ್ಮೂರು ಪರಾಚೋದಲ್ಲಿ ಮನೆಗೊಬ್ಬ ಗಿಟಾರ್ ಮಾಡುವವನಿದ್ದಾನೆ. ಮಿಕ್ಕವರ ಕೈಯಲ್ಲಿ ಹಾಡುವ ಮರ ನಮ್ಮಪ್ಪ ಎಪಿಫಾನಿಯೋ ಒಬ್ಬರ ಕೈಯಲ್ಲೇ ಯಾಕೆ ಮೂಕವಾಗುತ್ತದೆ ಎಂದು ಎದುರಿಗೆ ಕೇಳಿದವನು ಮರದ ವ್ಯಾಪಾರಿ ಲಿಬೋರಿಯೋ ಮಾತ್ರ. ಅವನೂ ನಮ್ಮಪ್ಪನೂ ಚಡ್ಡಿ ಹಾಕುವ ಕಾಲದಿಂದ ಗೆಳೆಯರು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯ್ತು ನಿನ್ ಕಥೆ," ಎಂದಿದ್ದ ಲಿಬೋರಿಯೋ. ಅಪ್ಪ ಅವನನ್ನು ಅಂಗಳದಾಚೆ ಕಳಿಸಿ ಬಾಗಿಲು ಹಾಕಿಕೊಂಡರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಗಿಟಾರಿನ ಜೀವ ಇರುವುದು ಮುಖದ ಹಲಗೆಯಲ್ಲಿ, ತಂತಿಗಳ ಕೆಳಗೆ ದುಂಡನೆಯ ಬಾಯಿ ಬಿಟ್ಟುಕೊಂಡಿರುತ್ತದಲ್ಲ, ಅದರಲ್ಲಿ. ಅದನ್ನು ಹತ್ತರಿಯಿಂದ ಕೀಸುತ್ತ ಹೋಗಬೇಕು. ಎರಡು ಬೆರಳಲ್ಲಿ ತೂಗುಹಾಕಿ, ಕಿವಿಯ ಹತ್ತಿರ ಹಿಡಿದು, ಗೆಣ್ಣಿನಿಂದ ತಟ್ಟಿ ಕೇಳಬೇಕು. ದಪ್ಪ ಉಳಿದರೆ ದನಿ ಹೊರಗೆ ಬರುವುದಿಲ್ಲ, ತೀರ ತೆಳುವಾದರೆ ತಂತಿಯ ಸೆಳೆತಕ್ಕೆ ಹಲಗೆ ಕುಸಿಯುತ್ತದೆ. ನಡುವೆ ಎಲ್ಲೋ ಒಂದು ಕಡೆ ಅದು ಗಂಟೆಯ ಹಾಗೆ ಮೊಳಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಅಪ್ಪ ಅಲ್ಲಿ "ಸಾಕು" ಅನ್ನುತ್ತಿದ್ದರು. ಆ ಒಂದು ಮಾತಿಗಾಗಿ ಬೇರೆ ಮನೆಗಳವರು ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಬಾಗಿಲಿಗೆ ಬರುತ್ತಿದ್ದರು. ನಾನು ಪಕ್ಕದ ಪಟ್ಟಿಗಳನ್ನು ಕಾಯಿಸಿ ಬಗ್ಗಿಸುವವಳು, ಮೆರುಗು ಹಚ್ಚುವವಳು. ತಟ್ಟಿ ನೋಡುವ ಕೆಲಸ ಅಪ್ಪನದೇ.

ಈಚೆಗೆ ಅವರ ಬಾಯಲ್ಲಿ ಆ ಮಾತು ಬರುವುದು ನಿಂತುಹೋಗಿತ್ತು. ತಟ್ಟುತ್ತಿದ್ದರು, ತಲೆ ಅಲ್ಲಾಡಿಸುತ್ತಿದ್ದರು, ಮತ್ತೆ ಕೀಸುತ್ತಿದ್ದರು. ಹಲಗೆ ರೊಟ್ಟಿಗಿಂತ ತೆಳ್ಳಗಾಗುತ್ತಿತ್ತು. ಹೋದ ಗಿಟಾರುಗಳು ಒಂದೊಂದಾಗಿ ಮುಖ ಕುಸಿದುಕೊಂಡು ವಾಪಸು ಬರತೊಡಗಿದವು.

ಹಾಗೆ ಬಂದವುಗಳಲ್ಲಿ ಒಂದು ಓತಿಲಿಯಾ ಟೀಚರದು. ಅವರು ನಮ್ಮೂರ ಶಾಲೆಯಲ್ಲಿ ಲೆಕ್ಕ, ವಿಜ್ಞಾನ ಎರಡನ್ನೂ ಕಲಿಸುವವರು. ಜಗಳವಾಡದೆ, ತಂತಿಗಳನ್ನು ಹೊರುವ ಕುದುರೆಯ ಮುಂದೆ ತಗ್ಗಾದ ಜಾಗಕ್ಕೆ ಬೆರಳಿಟ್ಟು, ಇದು ಯಾಕೆ ಹೀಗಾಯಿತು ಗೊತ್ತೇನಮ್ಮ ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬೇಕಾದಾಗ ನನಗೆ ಮೈಯೆಲ್ಲ ಉರಿಯುತ್ತದೆ. ಮಾರನೆಯ ದಿನ ಶಾಲೆ ಬಿಟ್ಟ ಮೇಲೆ, ಮೂವತ್ತು ದಾಟಿದ ಹೆಂಗಸು ಎಂಬ ನಾಚಿಕೆಯನ್ನು ಗೇಟಿನ ಹೊರಗೇ ಬಿಟ್ಟು, ಹೋಗಿ ಮಕ್ಕಳ ಬೆಂಚಿನಲ್ಲಿ ಕುಳಿತೆ.

ಅವರು ಮೊದಲು ಕಲಿಸಿದ್ದು ಗಿಟಾರಿನ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸುವ ಮೆಟ್ಟುಗಳ ಲೆಕ್ಕ. ಒಂದು ಮೆಟ್ಟಿನಿಂದ ಮುಂದಿನದಕ್ಕೆ ತಂತಿ ಒಂದೇ ಪ್ರಮಾಣದಲ್ಲಿ ಕಿರಿದಾಗುತ್ತ ಹೋಗಬೇಕು, ಹನ್ನೆರಡನೆಯದಕ್ಕೆ ಬಂದಾಗ ಸರಿಯಾಗಿ ಅರ್ಧವಾಗಿರಬೇಕು. ಪ್ರತಿ ಮೆಟ್ಟಿಗೂ ಉದ್ದವನ್ನು ಭಾಗಿಸಲು ಒಂದು ಸಂಖ್ಯೆ ಇದೆ. ಅದನ್ನು ಅದರಿಂದಲೇ ಗುಣಿಸುತ್ತ ಹೋದರೆ, ಹನ್ನೆರಡು ಸಲಕ್ಕೆ ಎರಡಾಗುತ್ತದೆ. ನಾನು ನಂಬಲಿಲ್ಲ. ಕೂತು ಗುಣಿಸಿದೆ, ತಪ್ಪಿದೆ, ಬೈದುಕೊಂಡೆ, ಮತ್ತೆ ಗುಣಿಸಿದೆ. ಕೊನೆಗೆ ಎರಡು ಬಂದಾಗ ಬೆನ್ನ ಮೇಲೆ ತಣ್ಣನೆಯ ಕೈ ಇಟ್ಟಂತಾಯಿತು. ಹುಟ್ಟಿದಂದಿನಿಂದ ಮೆಟ್ಟು ಕೂರಿಸುವುದನ್ನು ನೋಡಿದವಳು ನಾನು. ಆ ಗೆರೆಗಳು ಒಂದರ ಹತ್ತಿರ ಇನ್ನೊಂದು ಸರಿಯುತ್ತ ಹೋಗುವುದರ ಹಿಂದೆ ಇಷ್ಟು ಅಚ್ಚುಕಟ್ಟು ಇದೆಯೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಮನೆಗೆ ಹೋಗುವಾಗ ದಾರಿಯ ಕಲ್ಲುಗಳೂ ಯಾವುದೋ ಲೆಕ್ಕಕ್ಕೆ ತಕ್ಕಂತೆ ಕೂತಿವೆ ಅನ್ನಿಸಿತು.

ಆಮೇಲೆ ಕಲಿತದ್ದು ದಪ್ಪದ ಲೆಕ್ಕ. ಹಲಗೆಯ ದಪ್ಪ ಅರ್ಧವಾದರೆ ಅದರ ಬಿಗಿ ಅರ್ಧವಾಗುವುದಿಲ್ಲ, ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಹತ್ತರಲ್ಲೊಂದು ಪಾಲು ಕೀಸಿದರೇ ಕಾಲು ಭಾಗಕ್ಕಿಂತ ಹೆಚ್ಚು ಬಿಗಿ ಹೋಯಿತು. ಅಂದರೆ ಅಪ್ಪ ತಲೆ ಅಲ್ಲಾಡಿಸಿ ಹೊಡೆಯುವ ಒಂದೊಂದು ಹತ್ತರಿಯೂ ನಾವು ಅಂದುಕೊಂಡದ್ದಕ್ಕಿಂತ ಎಷ್ಟೋ ದೊಡ್ಡ ಪೆಟ್ಟು. ಆದರೆ ಅಷ್ಟು ಬಲ್ಲವರು ಯಾಕೆ ನಿಲ್ಲಿಸುತ್ತಿಲ್ಲ?

ಉತ್ತರ ಒಂದು ಮಧ್ಯಾಹ್ನ ತಾನಾಗಿ ಸಿಕ್ಕಿತು. ಅಪ್ಪ ಹಲಗೆ ತಟ್ಟಿದರು. ನಾನಿದ್ದದ್ದು ಕೋಣೆಯ ಇನ್ನೊಂದು ಮೂಲೆಯಲ್ಲಿ. ಅಲ್ಲಿಗೂ ಅದು ಖಣಿಲೆಂದು ಕೇಳಿಸಿತು. ಅಪ್ಪ, "ಕೇಳಿದ್ಯಾ? ಏನೂ ಇಲ್ಲ. ಕಲ್ಲು ತಟ್ಟಿದ ಹಾಗೆ," ಎಂದು ಮತ್ತೆ ಹತ್ತರಿ ಹಿಡಿದರು. ಮೂಕವಾದದ್ದು ಮರವಲ್ಲ. ಅಪ್ಪನ ಕಿವಿಗೆ ಮೇಲಿನ ದನಿಗಳು ಬೀಳುತ್ತಿರಲಿಲ್ಲ.

ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಕೊರುಂದಾ ಕಡುಬು ಕಟ್ಟುತ್ತಿದ್ದಳು, ಜೋಳದ ಎಲೆ ಮಡಚುವ ಕೈ ನಿಲ್ಲಲಿಲ್ಲ. ಅವಳಿಗೆ ಮೊದಲೇ ಗೊತ್ತಿತ್ತು.

"ಅವರಿಗೆ ಹೇಳೀಯ, ಜೋಕೆ," ಎಂದಳು. "ಗಿಟಾರ್ ಮಾಡೋನಿಗೆ ನೀನು ಕಿವುಡ ಅಂದ್ರೆ, ಅವನು ಉಸಿರಾಡ್ತಿರೋವಾಗ್ಲೇ ಮಣ್ಣು ಹಾಕಿದ ಹಾಗೆ."

ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಪಾಡಾಯಿತು ನನ್ನದು. ನುಂಗಿಕೊಂಡೇ ಇರುತ್ತಿದ್ದೆನೇನೋ, ಆದರೆ ಅಷ್ಟರಲ್ಲಿ ಅಪ್ಪ ಅಟ್ಟದಿಂದ ಅಜ್ಜನ ಹಲಗೆ ಇಳಿಸಿದರು. ಬೆಟ್ಟದ ಮೇಲೆ ಸಿಡಿಲಿಗೆ ಬಿದ್ದ ಮರವೊಂದನ್ನು ಅಜ್ಜ ಸೀಳಿ ತಂದದ್ದರಲ್ಲಿ ಉಳಿದದ್ದು ಅದೊಂದೇ ಜೋಡಿ. ಎಳೆಗಳು ಬಾಚಿದ ಕೂದಲಿನಷ್ಟು ನೇರ. ನನ್ನ ನಾಮಕರಣದ ದಿನ ಅದನ್ನು ನನ್ನ ಹೆಸರಿಗೆಂದು ಎತ್ತಿಟ್ಟಿದ್ದರಂತೆ. ಈ ಹಳೆಯ ಮರವಾದರೂ ಮಾತಾಡುತ್ತದೆ, ಇದೂ ಮಾತಾಡದಿದ್ದರೆ ಹತ್ತರಿಯನ್ನು ಒಲೆಗೆ ಹಾಕುತ್ತೇನೆ ಎಂದರು ಅಪ್ಪ. ಎರಡು ಹೋಳನ್ನು ಜೋಡಿಸಿದರು, ಬಾಯಿ ಕೊರೆದರು, ಹಲಗೆಯ ಬೆನ್ನಿಗೆ ಆಸರೆಯ ಸಣ್ಣ ಪಟ್ಟಿಗಳನ್ನು ಅಂಟಿಸಿದರು. ಇನ್ನು ಉಳಿದದ್ದು ಕೀಸುವುದು, ತಟ್ಟುವುದು. ಹೀಗೇ ಬಿಟ್ಟರೆ ಆ ಹಲಗೆಯೂ ಸಾಯುತ್ತಿತ್ತು, ಅದರ ಜೊತೆಗೆ ಅಪ್ಪನ ಕಸುಬೂ.

ನಾನು ಟೀಚರ ಬಳಿಗೆ ಓಡಿದೆ. ನಾಲಿಗೆಯಲ್ಲಿ ಹೇಳಲಾಗದ್ದನ್ನು ಕಣ್ಣಿಗೆ ತೋರಿಸೋಣ ಎಂದರು ಅವರು. ಸೋಮವಾರ ಬಾವುಟ ಹಾರಿಸುವಾಗ ಬಳಸುವ ಶಾಲೆಯ ಸ್ಪೀಕರ್, ತಿರುಪು ತಿರುಗಿಸಿದಂತೆ ದನಿ ಏರುವ ಒಂದು ಪೆಟ್ಟಿಗೆ, ಎರಡನ್ನೂ ಕೈಗಾಡಿಯಲ್ಲಿ ತಳ್ಳಿಕೊಂಡು ಮನೆಗೆ ತಂದೆವು. ನನ್ನ ಪಾಠಕ್ಕೆ ನಿಮ್ಮ ಹಲಗೆ ಬೇಕು ಎಂದು ಅಪ್ಪನಿಗೆ ಹೇಳಿದೆ. ಸ್ಪೀಕರನ್ನು ಅಂಗಾತ ಮಲಗಿಸಿ, ನಾಲ್ಕು ಸ್ಪಂಜಿನ ತುಂಡುಗಳ ಮೇಲೆ ಹಲಗೆಯನ್ನಿಟ್ಟು, ಅಮ್ಮನ ಡಬ್ಬಿಯಿಂದ ಚಿಯಾ ಬೀಜ ತೆಗೆದು ತೆಳ್ಳಗೆ ಉದುರಿಸಿದೆ.

"ಶರಬತ್ತಿಗೆ ಹಾಕೋದನ್ನ ನಮ್ಮಪ್ಪನ ಹಲಗೆ ಮೇಲೆ ಹಾಕ್ತಾಳೆ ನೋಡಿ," ಎಂದರು ಅಪ್ಪ. "ಓದಿದ್ದು ಹೆಚ್ಚಾಯ್ತು ಇವಳಿಗೆ."

ಟೀಚರ್ ತಿರುಪು ತಿರುಗಿಸಿದರು. ತಗ್ಗು ದನಿಯೊಂದು ಗುಂಯ್ ಎಂದು ಏರತೊಡಗಿತು. ಬೀಜಗಳು ಮೊದಲು ನಡುಗಿದವು, ಆಮೇಲೆ ಹೊರಟವು. ಯಾರೋ ಕರೆದಂತೆ, ಪ್ರತಿಯೊಂದಕ್ಕೂ ತನ್ನ ಮನೆ ಎಲ್ಲಿದೆಯೆಂದು ಗೊತ್ತಿದ್ದಂತೆ, ಹಲಗೆಯ ಉದ್ದಗಲಕ್ಕೂ ನಡೆದುಹೋಗಿ ಒಂದು ದೊಡ್ಡ ಉಂಗುರವಾಗಿ ನಿಂತವು. ಎಡಬದಿಯಲ್ಲಿ ಮಾತ್ರ ಉಂಗುರ ಕೂಡಿರಲಿಲ್ಲ. ಅಮ್ಮ ಶಿಲುಬೆಯ ಗುರುತು ಹಾಕಿಕೊಂಡಳು. ಅಪ್ಪ ಟೋಪಿ ತೆಗೆದರು. ಅಲುಗದ ಜಾಗಕ್ಕೆ ಬೀಜ ಬಂದು ಸೇರುತ್ತದೆ, ಗೆರೆಯ ಒಳಗೂ ಹೊರಗೂ ಮರ ಉಸಿರಾಡುತ್ತಿದೆ ಎಂದು ಟೀಚರ್ ಬಿಡಿಸಿ ಹೇಳಿದರು. ಅಪ್ಪ ಆ ಮಾತನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ, ನೋಡುವುದರಲ್ಲೇ ಮುಳುಗಿದ್ದರು.

ದನಿ ಏರಿತು. ಉಂಗುರ ಒಡೆದು ಎರಡಾಯಿತು, ನಾಲ್ಕಾಯಿತು, ಜಾಲರಿಯಾಯಿತು. ಇನ್ನೂ ಏರಿದಾಗ ಅದು ಕಿವಿ ಕೊರೆಯುವ ಸಿಳ್ಳಾಯಿತು. ಅಂಗಳದ ನಾಯಿ ಎದ್ದು ಹೋಯಿತು. ಅಮ್ಮ ಶಾಲಿನಿಂದ ಎರಡೂ ಕಿವಿ ಮುಚ್ಚಿಕೊಂಡಳು.

"ಯಾಕೆ ನಿಲ್ಸಿದ್ರಿ ಟೀಚರ್?" ಎಂದರು ಅಪ್ಪ. "ಹಾಕಿ, ಹಾಕಿ, ಚೆನ್ನಾಗಿದೆ."

ಟೀಚರ ಕೈ ತಿರುಪಿನ ಮೇಲೇ ಇತ್ತು. ಬೀಜಗಳು ಕುಣಿಯುತ್ತಲೇ ಇದ್ದವು. ಅಪ್ಪ ಅವುಗಳನ್ನು ನೋಡಿದರು, ಅಮ್ಮನ ಕಿವಿಯ ಮೇಲಿದ್ದ ಕೈಗಳನ್ನು ನೋಡಿದರು, ಮತ್ತೆ ಬೀಜಗಳನ್ನು ನೋಡಿದರು.

"ಡೆಲ್ಫಿನಾ, ಈಗ ಶಬ್ದ ಬರ್ತಿದೆಯೇನೇ?"

"ಬರ್ತಿದೆ ಅಪ್ಪ. ಜೋರಾಗೇ ಬರ್ತಿದೆ."

ಅವರು ಅಂಗೈಯನ್ನು ಮೆಲ್ಲಗೆ ಹಲಗೆಯ ಅಂಚಿಗೆ ಇಟ್ಟರು. ಕೂಗಾಡುತ್ತಾರೆ, ಇಲ್ಲವೇ ಎದ್ದು ಹೋಗುತ್ತಾರೆ ಎಂದು ನಾನು ಕಾದೆ. ಅಪ್ಪ ಬಗ್ಗಿದರು, ಮೂಗು ಬೀಜಕ್ಕೆ ತಾಗುವಷ್ಟು ಹತ್ತಿರ. ಅಲ್ಲಿ ಮೂಡಿದ್ದ ಜಾಲರಿಯಷ್ಟು ಸೂಕ್ಷ್ಮವಾದದ್ದನ್ನು ನಮ್ಮ ಬೀದಿಯ ಯಾವ ಕಸೂತಿಯವಳೂ ಹೆಣೆದಿಲ್ಲ. ಕಣ್ಣು ಒರೆಸಿಕೊಳ್ಳದೆಯೇ ಅವರು ಕೇಳಿದರು:

"ಇಷ್ಟು ವರ್ಷ ನಾನು ಕೇಳ್ತಿದ್ದದ್ದು ಇದನ್ನೇನಾ?"

"ಇದನ್ನೇ ಅಪ್ಪ."

"ಇಷ್ಟು ಚೆಂದ ಇತ್ತಾ?" ಎಂದರು. ಹಲಗೆಯಿಂದ ಕೈ ತೆಗೆದು, "ಹಾಗಾದ್ರೆ ಲಿಬೋರಿಯೋ ಕೊಟ್ಟ ಮರ ಮೂಕ ಅಲ್ಲ," ಎಂದರು.

ಮರುದಿನ ಬೆಳಿಗ್ಗೆ ಅಮ್ಮನಿಂದ ಕೊರುಂದಾ ಕಟ್ಟಿಸಿಕೊಂಡು ಲಿಬೋರಿಯೋನ ಮನೆಗೆ ಹೋದರು. ಅಲ್ಲಿ ಏನಾಯಿತೋ ನಮಗೆ ಹೇಳಲಿಲ್ಲ. ವಾಪಸು ಬರುವಾಗ ಲಿಬೋರಿಯೋ ಜೊತೆಗಿದ್ದ, ಬೀದಿಗೆಲ್ಲ ಕೇಳುವಂತೆ ಅವರ ಕಿವಿಯಲ್ಲಿ ಕಿರುಚುತ್ತಿದ್ದ. ಕಿವುಡನಿಗೆ ಗುಟ್ಟು ಹೇಳೋ ಕಷ್ಟ ನಂಗೇ ಬಂತಲ್ಲಪ್ಪ ಎಂದು ನನ್ನನ್ನು ನೋಡಿ ಕಣ್ಣು ಹೊಡೆದ. ಅಪ್ಪ ನಕ್ಕರು. ಆಮೇಲೆ ಹಲಗೆಯ ಮುಂದೆ ಕೂತು ನನ್ನನ್ನು ಕರೆದರು.

ಉಂಗುರ ಕೂಡದ ಕಡೆ ಬಿಗಿ ಇನ್ನೂ ಹೆಚ್ಚೆಂದು, ಹಲಗೆಯ ಬೆನ್ನಿನ ಎಡಬದಿಯ ಪಟ್ಟಿಯನ್ನು ಅವರು ಕೀಸಿದರು. ನಾನು ಬೀಜ ಉದುರಿಸಿ ತಿರುಪು ತಿರುಗಿಸಿದೆ. ಉಂಗುರದ ತುದಿಗಳು ಇನ್ನಷ್ಟು ಹತ್ತಿರ ಬಂದವು. ಮತ್ತೆ ಕೀಸಿದರು. ಮೂರನೆಯ ಸಲ ತುದಿಗಳು ಕೂಡಿಕೊಂಡು ಉಂಗುರ ಮುಚ್ಚಿತು. ಹಳೆಯ ಚಾಳಿ, ಅಪ್ಪನ ಕೈ ಮತ್ತೊಮ್ಮೆ ಹತ್ತರಿಯತ್ತ ಹೋಯಿತು. ಅಲ್ಲೇ ತಡೆಯಿತು. ಹಲಗೆಯನ್ನೆತ್ತಿ ನನ್ನ ಕೈಗೆ ಕೊಟ್ಟರು. ಹುಟ್ಟಿದ ಮೇಲೆ ಮೊದಲ ಸಲ ಹಲಗೆಯೊಂದನ್ನು ಕಿವಿಗೆ ಹಿಡಿದು ತಟ್ಟಿದೆ. ಅಜ್ಜನ ಮರ ಮೊಳಗಿತು, ಎದೆಯೊಳಗೆ ಇಳಿಯಿತು. ಕಣ್ಣು ಮುಚ್ಚಿ ಮತ್ತೊಮ್ಮೆ ತಟ್ಟಿದೆ.

ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು.

"ಸಾಕು," ಎಂದರು.