ಮಿಶ್ರಿಯ ಕೈಗಡ

ಶ್ರಾವಣದ ಮಳೆ ಬಿಡುವು ಕೊಟ್ಟಿತ್ತು. ಉಪ್ಪಿನಬೆಟಗೇರಿಯ ಎರೆಹೊಲಗಳಲ್ಲಿ ಹೆಸರುಕಾಯಿ ಕಪ್ಪಾಗಿ ನಿಂತಿದ್ದವು. ಬಿಸಿಲೇರಿತೆಂದರೆ ಕಾಯಿ ತಾನಾಗಿ ಸಿಡಿದು ಕಾಳೆಲ್ಲ ಮಣ್ಣುಪಾಲು. ಅದಕ್ಕೇ ಊರ ಹೆಂಗಸರು ಇಬ್ಬನಿ ಆರುವ ಮೊದಲೇ ಹೊಲಕ್ಕಿಳಿದು, ಬಿಡಿಸಿದ ಕಾಯಿಯಿಂದ ಉಡಿ ತುಂಬಿಕೊಳ್ಳುತ್ತಿದ್ದರು. ಹೊಲದ ಕೆಲಸಕ್ಕೆ ಮೊಣಕಾಲು ಒಗ್ಗದ ಶಿವಬಸವ್ವನದು ಅಂಗಳದ ಕೆಲಸ. ತಂದ ಕಾಯಿಯನ್ನು ತಾಡಪತ್ರಿಯ ಮೇಲೆ ಹರಡಬೇಕು, ಒಣಗಿದ್ದನ್ನು ಕೋಲಿನಿಂದ ಬಡಿಯಬೇಕು, ನಡುನಡುವೆ ಕೋಳಿಗಳಿಗೆ ಬೈಯಬೇಕು.

ಆದರೆ ಇದೆಲ್ಲ ಶುರುವಾಗುವುದು ಮಿಶ್ರಿ ತಿಕ್ಕಿದ ಮೇಲೆಯೇ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿದ ಮಿಶ್ರಿಯನ್ನು ಬೆರಳಿಗೆ ಹಚ್ಚಿಕೊಂಡು, ಕಟ್ಟೆಯ ಮೇಲೆ ಕೂತು, ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತ ತಿಕ್ಕದಿದ್ದರೆ ಅವಳಿಗೆ ಬೆಳಗೇ ಆಗುತ್ತಿರಲಿಲ್ಲ. ಮದುವೆಯಾಗಿ ಬಂದ ವರ್ಷ ಅತ್ತೆಯಿಂದ ಹತ್ತಿದ ಚಟ. ಆ ವಾರ ಡಬ್ಬಿ ಬರಿದಾಗಿತ್ತು. ಗೋಡೆಯಾಚೆಯ ರಾಜಬಿಯ ಹತ್ತಿರ ಒಂದು ಡಬ್ಬಿ ಕೈಗಡ ತಂದಿದ್ದಳು. ಆ ಓಣಿಯ ಕೈಗಡಕ್ಕೆ ಒಂದೇ ಕಾನೂನು: ಸಮ ಅಳತೆ ತಂದರೆ ತುಂಬಿ ತುಳುಕುವಂತೆ ತಿರುಗಿ ಕೊಡಬೇಕು.

"ಹೆಸರ ಮುಗದ ಕೂಡ್ಲೇ ತಂಬಾಕ ತರಿಸಿ ಹುರದ ಕೊಡತೇನಿ," ಎಂದಿದ್ದಳು.

"ಕೊಡದ ಎಲ್ಲಿ ಹೋಗ್ತಿ ಅಕ್ಕ? ನಡುವ ಒಂದ ಗ್ವಾಡಿ ಐತಿ, ಅಷ್ಟ," ಎಂದಿದ್ದಳು ರಾಜಬಿ.

ಕಟ್ಟೆಯ ಮೇಲೆ ಶಿವಬಸವ್ವನ ಪಕ್ಕದಲ್ಲಿ ಇನ್ನೊಂದು ಡಬ್ಬಿ ಇರುತ್ತಿತ್ತು. ಅದು ಮೊಮ್ಮಗಳು ನೀಲಿಯದು. ಐದು ವರ್ಷದ ಆ ಹುಡುಗಿ ಒಲೆಯ ಬೂದಿಯನ್ನು ಡಬ್ಬಿಗೆ ತುಂಬಿಕೊಂಡು, ಅಜ್ಜಿಯ ಹಾಗೆಯೇ ಎಡಗೈ ಸೊಂಟಕ್ಕಿಟ್ಟು, ಬೆರಳಿನಿಂದ ಹಲ್ಲು ತಿಕ್ಕಿ, ಅಜ್ಜಿಗಿಂತ ದೂರ ಉಗುಳುತ್ತಿದ್ದಳು. ಅಜ್ಜಿಗೆ ಅದೊಂದು ಹೆಮ್ಮೆ.

ನೀಲಿಯ ತಾಯಿ ದಾಕ್ಷಾಯಿಣಿಗೆ ಮಾತ್ರ ದಿನಾ ಬೆಳಿಗ್ಗೆ ಅದೇ ಯುದ್ಧ. ಮಗಳ ಹಿಂದಿನ ದವಡೆಯ ಎರಡು ಹಲ್ಲಿಗೆ ಹುಳುಕು ಹತ್ತಿತ್ತು. ಮಾಳಮಡ್ಡಿಯ ಹಲ್ಲಿನ ಡಾಕ್ಟರು ಸಣ್ಣ ಬ್ರಶ್ ಕೊಟ್ಟು, "ಮುಂಜಾನೆ ಒಮ್ಮೆ, ಮಲಗೂ ಮುಂದ ಒಮ್ಮೆ ತಿಕ್ಕಸ್ರಿ. ಇಲ್ಲಂದ್ರ ಉಳದ ಹಲ್ಲಿಗೂ ಹತ್ತತೈತಿ," ಎಂದಿದ್ದರು. ಬ್ರಶ್ ಕಂಡರೆ ನೀಲಿಯ ಬಾಯಿಗೆ ಬೀಗ ಬೀಳುತ್ತಿತ್ತು.

"ಆಯಿ ಬ್ರಶ್ ಮಾಡತಾಳೇನು? ನಾನೂ ಮಾಡಂಗಿಲ್ಲ. ನಾ ಮಿಶ್ರಿ ತಿಕ್ಕಾಕಿ!"

ಆಯಿ ಎಂದರೆ ಅಜ್ಜಿ. ಮೊಮ್ಮಗಳ ಮಾತಿಗೆ ಆಯಿ ಹೊಟ್ಟೆ ಹಿಡಿದು ನಗುತ್ತಿದ್ದಳು.

ಆ ನಗು ಒಂದು ಮುಂಜಾನೆ ನಿಂತಿತು. ಕೋಳಿ ಓಡಿಸಲು ಎದ್ದ ಶಿವಬಸವ್ವ ತಿರುಗಿ ಬರುವಷ್ಟರಲ್ಲಿ ನೀಲಿಯ ಬೆರಳು ಆಯಿಯ ಡಬ್ಬಿಯೊಳಗೆ ಹೋಗಿ ಬಾಯಿಗೆ ಬಂದಿತ್ತು.

"ಆಯೀ, ಮನಿ ಗರಗರ ತಿರಗಾಕತ್ತೈತಿ," ಎಂದಿತು ಹುಡುಗಿ. ಮುಖ ಬಿಳಿಚಿಕೊಂಡಿತು. ಹರಡಿದ ಹೆಸರಿನ ಮೇಲೆಯೇ ವಾಂತಿ ಮಾಡಿಕೊಂಡು ಕುಸಿಯಿತು.

ಶಿವಬಸವ್ವನ ಕೂಗಿಗೆ ಓಣಿಯೇ ಕೂಡಿತು. ದಾಕ್ಷಾಯಿಣಿ ಮಗಳನ್ನು ಎತ್ತಿಕೊಂಡು ಸರಕಾರಿ ದವಾಖಾನೆಗೆ ಓಡಿದಳು. ಮಧ್ಯಾಹ್ನದ ಹೊತ್ತಿಗೆ ನೀಲಿ ಮಜ್ಜಿಗೆ ಅನ್ನ ಬೇಡುವಷ್ಟು ಗೆಲುವಾಗಿ ಮನೆಗೆ ಬಂದಳು. ಆದರೆ ಅಜ್ಜಿ ಕೂತಲ್ಲಿಂದ ಎದ್ದಿರಲಿಲ್ಲ. ಸೊಸೆ ಬೈದರೆ ಬೈಯಲಿ ಎಂದು ಕಾಯುತ್ತಿದ್ದಳು. ಸೊಸೆ ಬೈಯಲಿಲ್ಲ.

"ಅತ್ತಿ, ಈಕಿ ನಾ ಹೇಳಿದ್ದ ಕೇಳಂಗಿಲ್ರಿ. ನೀವು ಮಾಡಿದ್ದ ನೋಡಿ ಮಾಡತಾಳ," ಎಂದಷ್ಟೇ ಹೇಳಿ ರೊಟ್ಟಿಗೆ ಹಿಟ್ಟು ನಾದಲು ಕೂತಳು.

ಬೈಗುಳವಾಗಿದ್ದರೆ ಶಿವಬಸವ್ವ ತಿರುಗಿ ಬೈದು ಹಗುರಾಗುತ್ತಿದ್ದಳು. ಈ ಮಾತು ಹಲ್ಲಿಗೆ ಸಿಕ್ಕ ನಾರಿನ ಹಾಗೆ ಕೂತುಬಿಟ್ಟಿತು.

ಮರುದಿನ ಬೆಳಿಗ್ಗೆ ಅವಳು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. "ಏ ದಾಕ್ಷಾಯಿಣಿ, ನನಗೂ ಒಂದ ಬ್ರಶ್ ತರಸವಾ."

"ನಿಮಗ್ಯಾಕ್ರಿ ಅತ್ತಿ?"

"ಯಾಕಂದ್ರ? ಬಾಯಾಗ ಇನ್ನೂ ನಾಕ ಹಲ್ಲ ಅದಾವಲ್ಲ, ಅವಕ್ಕ ಮರ್ಯಾದಿ ಬ್ಯಾಡೇನು?"

ಕಟ್ಟೆಯ ಮೇಲೆ ಅಜ್ಜಿ ಮೊಮ್ಮಗಳು ಬ್ರಶ್ ಹಿಡಿದು ಕೂತರು. ಅಜ್ಜಿ ಮೊದಲ ಏಟಿಗೇ ನೊರೆ ನುಂಗಿ ಕೆಮ್ಮಿದಳು.

"ಆಯಿ, ನುಂಗಬಾರದ! ಉಗುಳು!" ನೀಲಿ ಕುಣಿದಾಡಿದಳು. ಆಯಿಗೆ ಬರದ ಕೆಲಸ ಒಂದು ಲೋಕದಲ್ಲಿ ಇದೆ, ತನಗೆ ಅದು ಗೊತ್ತಿದೆ ಎನ್ನುವ ಖುಷಿ ಅವಳಿಗೆ. ಆದರೆ ತಾನು ತಿಕ್ಕುವಾಗ ಗರಗಸದಿಂದ ಕಟ್ಟಿಗೆ ಕೊಯ್ದಂತೆ ಹಿಂದೆ ಮುಂದೆ ಎಳೆಯುತ್ತಿದ್ದಳು.

"ಹಂಗಲ್ರಿ, ಸುತ್ತ ತಿರಗಿಸಬೇಕ ಅಂದಾರ ಡಾಕ್ಟರು," ಎಂದಳು ದಾಕ್ಷಾಯಿಣಿ ಒಳಗಿನಿಂದ.

"ಸುತ್ತ ಅಂದ್ರ, ಬೀಸುಕಲ್ಲ ತಿರಗಿಸಿದಂಗೇನು? ಅದನ್ನ ಮೊದಲ ಹೇಳಬಾರದ?" ಶಿವಬಸವ್ವನ ಕೈಗೆ ತಟ್ಟನೆ ನೆನಪು ಬಂತು. ಜೋಳ ಬೀಸಿ ಬೀಸಿ ಪಳಗಿದ ಕೈ ಅದು. ಬೀಸುವ ಕೈಗೆ ಹಾಡು ಬೇಡವೇ? ಮೊಮ್ಮಗಳ ಬ್ರಶ್ಶಿಗೆ ತನ್ನ ಕೈ ಆನಿಸಿ, ನಿಧಾನಕ್ಕೆ ತಿರುಗಿಸುತ್ತ ಅಲ್ಲಿಯೇ ಕಟ್ಟಿದಳು:

"ಹಿಂದಿನ ಹಲ್ಲವ್ವ, ಮುಂದಕ ಬಾರವ್ವ,
ಸಕ್ಕರಿ ತಿಂದು ಕುಂತಾಕಿ ಯಾರವ್ವ?
ನೊರಿಯಾಗ ಜಳಕ ಮಾಡವ್ವ."

ಹಾಡು ಮುಗಿಯುವವರೆಗೆ ಬ್ರಶ್ ತೆಗೆಯುವಂತಿಲ್ಲ. ಮೇಲಿನ ಹಲ್ಲಿಗೆ ಒಮ್ಮೆ, ಕೆಳಗಿನದಕ್ಕೆ ಒಮ್ಮೆ, ಹಿಂದಿನ ದವಡೆಗೆ ಒಮ್ಮೆ. ರಾತ್ರಿ ಊಟವಾದ ಮೇಲೆ ನೀಲಿಯೇ, "ಆಯಿ, ಬೀಸೂಣ ಬಾ," ಎಂದು ಕರೆಯತೊಡಗಿದಳು.

ಹಾಡು ಸುಲಭ, ಮಿಶ್ರಿ ಬಿಡುವುದು ಸುಲಭವಿರಲಿಲ್ಲ. ತಲೆಯಲ್ಲಿ ಅರಳೆ ತುಂಬಿದಂತಾಗುತ್ತಿತ್ತು. ಕೋಳಿಗೆ ಬೈಯುವ ಬೈಗುಳ ಮಗನಿಗೆ ಬೀಳುತ್ತಿತ್ತು. ಹೆಸರು ಬಡಿಯುವ ಕೋಲು ಕೈಯಿಂದ ಜಾರುತ್ತಿತ್ತು. ರಾಜಬಿಯ ಡಬ್ಬಿ ಮಾತ್ರ ಬೀರುವಿನ ಮೇಲೆ ಹಾಗೇ ಇತ್ತು. ಕೈಗಡದ ಮಾಲು, ಚೆಲ್ಲುವುದು ಹೇಗೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಒಂದು ಮುಂಜಾನೆ ತಡೆಯಲಾಗಲಿಲ್ಲ. ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿನ ಬಣವೆಯ ಹಿಂದೆ ಹೋದಳು. ಮುಚ್ಚಳ ತೆಗೆದರೆ ಆ ಘಾಟು! ಜೀವ ಬಂದಂತಾಯಿತು. ಬೆರಳು ಒಳಗಿಳಿಸಿದಳು.

"ಆಯೀ, ಎಲ್ಲಿ ಹೋದಿ? ಹಾಡ ಹಚ್ಚು ಬಾ!"

ನೀಲಿ ಎರಡೂ ಬ್ರಶ್ಶಿಗೆ ಪೇಸ್ಟ್ ಹಚ್ಚಿಕೊಂಡು ಬಣವೆ ಸುತ್ತಿ ಬಂದೇಬಿಟ್ಟಳು. ಶಿವಬಸವ್ವ ಕೈಯನ್ನು ಬೆನ್ನ ಹಿಂದೆ ಒಯ್ದಳು.

"ಕೈಯಾಗ ಏನೈತಿ?"

"ಏನಿಲ್ಲವಾ."

"ಬಾಯಿ ತೆರಿ. ಆ ಅನ್ನು."

ಹಲ್ಲಿನ ಡಾಕ್ಟರು ನೀಲಿಗೆ ಹೇಳಿದ್ದ ಅದೇ ದನಿ. ಶಿವಬಸವ್ವ ಬಾಯಿ ತೆರೆದಳು. ನೀಲಿ ಹಿಮ್ಮಡ ಎತ್ತಿ, ಒಳಗೆಲ್ಲ ಇಣುಕಿ, ಮೂಸಿ ನೋಡಿದಳು.

"ಇನ್ನೂ ತಿಕ್ಕಿಲ್ಲ," ಎಂದು ತೀರ್ಪು ಕೊಟ್ಟಳು. ಆಮೇಲೆ ದನಿ ಇಳಿಸಿ ಕೇಳಿದಳು, "ಆಯಿ, ನಿನಗೂ ಮನಿ ತಿರಗತೈತೇನು?"

ಶಿವಬಸವ್ವ ನಾಲ್ಕು ಹೆಜ್ಜೆ ನಡೆದು ತಿಪ್ಪೆಯ ಮೇಲೆ ಡಬ್ಬಿ ಬೋರಲು ಮಾಡಿದಳು. ಬೆರಳು ತೊಳೆದುಕೊಂಡು ಬಂದು ಬ್ರಶ್ ಇಸಿದುಕೊಂಡಳು.

ಹೆಸರು ಮುಗಿದು ಚೀಲ ಕಟ್ಟುವ ಹೊತ್ತಿಗೆ ಗೋಡೆಯ ಮೇಲೆ ರಾಜಬಿಯ ಮುಖ ಮೂಡಿತು. "ಅಕ್ಕ, ನನ್ನ ಕೈಗಡ?"

"ತಿಪ್ಪಿಗಿ ಕೊಟ್ಟೆ."

"ಯಾ ಅಲ್ಲಾ! ನನ್ನ ಮಿಶ್ರಿ ತಿಪ್ಪಿಗಾ? ತಿಪ್ಪಿಗಿ ಹಲ್ಲ ಯಾವಾಗ ಬಂದವು?"

"ಬೈಬ್ಯಾಡ ರಾಜಬಿ. ಡಬ್ಬಿ ತುಂಬ ಹೊಸಾ ಹೆಸರ ಕೊಡತೇನಿ, ತುಳುಕೂ ಹಂಗ."

"ಹೆಸರ ಏನ ಮಾಡ್ಲಿ? ಹಲ್ಲಿಗಿ ತಿಕ್ಲೇನು? ಮಿಶ್ರಿ ಕೈಗಡಕ್ಕ ಮಿಶ್ರಿನ ಬೇಕ."

ಅಷ್ಟರಲ್ಲಿ ನೀಲಿ ಒರಳುಕಲ್ಲಿನ ಮೇಲೆ ಹತ್ತಿ ಗೋಡೆಗೆ ಗದ್ದ ಆನಿಸಿದಳು. "ರಾಜಬಿ ಆಯಿ, ನೀವೂ ಬಾಯಿ ತೆರಿರಿ. ಆ ಅನ್ರಿ."

ರಾಜಬಿ ಗಬಕ್ಕನೆ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಹಾಲ ಉಕ್ಕಾಕತ್ತೈತಿ," ಎನ್ನುತ್ತ ಮಾಯವಾದಳು. ಅವಳ ಮನೆಯಲ್ಲಿ ಆಗ ಹಾಲೂ ಇರಲಿಲ್ಲ, ಒಲೆಯೂ ಉರಿಯುತ್ತಿರಲಿಲ್ಲ.

ಆ ಕೈಗಡ ಇನ್ನೂ ತೀರಿಲ್ಲ. ರಾಜಬಿ ದಿನಾ ಮುಂಜಾನೆ ಗೋಡೆಯಿಂದ ತುಸು ದೂರವೇ ನಿಂತು, "ನನ್ನ ಮಿಶ್ರಿ ಯಾವಾಗ ಅಕ್ಕ?" ಎಂದು ಕೂಗುತ್ತಾಳೆ. ಬಾಯಿ ತುಂಬ ನೊರೆ ತುಂಬಿಕೊಂಡ ಶಿವಬಸವ್ವ ಏನು ಹೇಳಿಯಾಳು? ಮೊಮ್ಮಗಳ ಹಾಡು ಇನ್ನೂ ಅರ್ಧ ಬಾಕಿ ಇರುತ್ತದೆ. ತಾಳು ಎಂದು ಬ್ರಶ್ ಎತ್ತಿ ತೋರಿಸುತ್ತಾಳೆ.