ಕಂಪ್ಯೂಟರಿನ ಮುಂದೆ ನಲವತ್ತು ಶುಭಾಶಯ

ರುಮೇನಾ ಅಂಗಿಯ ಕಾಲರನ್ನು ಮಗುಚಿ, ಹೊಲಿಗೆಯ ತುದಿಯಲ್ಲಿ ನೇತಾಡುತ್ತಿದ್ದ ದಾರವನ್ನು ಪುಟ್ಟ ಕತ್ತರಿಯಿಂದ ತೆಗೆದಳು. ಅಂಗಿಯನ್ನು ಬಲಕ್ಕಿಟ್ಟು ಇನ್ನೊಂದನ್ನು ಎತ್ತಿಕೊಂಡಳು. ಮತ್ತೆ ಕಾಲರು, ಮತ್ತೆ ದಾರ. ನಲವತ್ತು ಹೆಂಗಸರು ದುಡಿಯುವ ಆ ಹೊಲಿಗೆ ಕಾರ್ಖಾನೆಯಲ್ಲಿ ಅಂದು ಬೆಳಿಗ್ಗೆ ಮಾತಿಲ್ಲ, ಹಾಡಿಲ್ಲ. ಮಿಷನ್ನುಗಳ ಸದ್ದೊಂದೇ.

ನಲವತ್ತು ಹುತಾತ್ಮರ ಹಬ್ಬವಾದ ಚೆತರ್ಸೆಯ ದಿನ ಹೀಗಿದ್ದದ್ದೇ ಇಲ್ಲ. ಅಂದು ಶ್ಟಿಪ್ ಊರಿಗೆ ಊರೇ ಇಸಾರ್ ಬೆಟ್ಟ ಹತ್ತುತ್ತದೆ. ದಾರಿಯಲ್ಲಿ ಸಿಕ್ಕ ನಲವತ್ತು ಜನಕ್ಕೆ ಶುಭಾಶಯ ಹೇಳಬೇಕು, ನಲವತ್ತು ಹರಳುಕಲ್ಲು ಆಯಬೇಕು. ಹೊರದೇಶಕ್ಕೆ ಹೋಗಬೇಕಾದ ಅಂಗಿಗಳ ದೆಸೆಯಿಂದ ಈ ಸಲ ಹತ್ತು ಗಂಟೆಯವರೆಗೆ ಕೆಲಸ. ಅದನ್ನಾದರೂ ಸಹಿಸಬಹುದಿತ್ತು. ಹತ್ತಕ್ಕೆ ಒಬ್ಬೊಬ್ಬರೇ ಮ್ಯಾನೇಜರ ಕೋಣೆಗೆ ಹೋಗಿ, ಅಲ್ಲಿನ ಕಂಪ್ಯೂಟರಿನಲ್ಲಿ ತಮ್ಮ ಫೇಸ್‌ಬುಕ್ ತೆರೆದು ತೋರಿಸಬೇಕು, ಆಮೇಲೆಯೇ ಹಬ್ಬ ಎಂದು ಅಪ್ಪಣೆಯಾಗಿತ್ತು.

ಅದಕ್ಕೆ ಕಾರಣ ಒಂದು ಫೋಟೊ. ಪಾಯಿಖಾನೆಯ ಬಾಗಿಲಿಗೆ ಅಂಟಿಸಿದ್ದ ‘ಎರಡು ನಿಮಿಷ ಮಾತ್ರ’ ಎಂಬ ಚೀಟಿಯನ್ನು ಯಾರೋ ಫೋಟೊ ತೆಗೆದು ಫೇಸ್‌ಬುಕ್ಕಿನಲ್ಲಿ ಊರಿಗೆಲ್ಲ ಹಂಚಿದ್ದರು. ಚೀಟಿ ಅಂಟಿಸಿದವನು ಒಗ್ನೆನ್, ಎರಡು ತಿಂಗಳ ಹಿಂದೆ ರಾಜಧಾನಿ ಸ್ಕೋಪ್ಯೆಯಿಂದ ಬಂದ ಹೊಸ ಮ್ಯಾನೇಜರು. ನಿನ್ನೆ ಮಾದರಿಗೆಂದು ಅವನು ಆ ನಲವತ್ತರಲ್ಲೊಬ್ಬಳಾದ ಬ್ಲಾಗುನಾಳ ಖಾತೆ ತೆರೆಸಿದ್ದ. ಅವಳು ಗಂಡನಿಗೆ ಬರೆದದ್ದನ್ನು ಎಲ್ಲರಿಗೂ ಕೇಳುವ ಹಾಗೆ ಓದಿದ್ದ: “ಸಿಟ್ಟು ಇಳೀತು, ಬರ್ತಾ ಈರುಳ್ಳಿ ತಗೊಂಡ್ಬಾ.” ಕೆಲವರಿಗೆ ನಗು ತಡೆಯಲಾಗಿರಲಿಲ್ಲ. ಬ್ಲಾಗುನಾ ಸಂಜೆಯ ತನಕ ತಲೆ ಎತ್ತಿರಲಿಲ್ಲ.

ಆ ಫೋಟೊ ತೆಗೆದವಳು ರುಮೇನಾ ಅಲ್ಲ. ಆದರೂ ಬೆಳಗಿನಿಂದ ಅವಳಿಗೆ ಆ ಕಂಪ್ಯೂಟರಿನದೇ ಭಯ. ಎಂಟನೇ ತರಗತಿಗೇ ಶಾಲೆ ಬಿಟ್ಟ, ದಿನಕ್ಕೆ ಹತ್ತು ಮಾತೂ ಆಡದ ಈ ಹುಡುಗಿ ನಾಲ್ಕು ತಿಂಗಳಿಂದ ಹತ್ತಿರದ ಕೋಚಾನಿ ಊರಿನ ಅಕ್ಕಿ ಗಿರಣಿಯಲ್ಲಿ ದುಡಿಯುವ ಸ್ತಾಮೆನ್ ಎಂಬ ಹುಡುಗನಿಗೆ ಫೇಸ್‌ಬುಕ್ಕಿನಲ್ಲಿ ಕಾಗದ ಬರೆಯುತ್ತಿದ್ದಳು. ನಾಲಿಗೆಗೆ ಬಾರದ್ದೆಲ್ಲ ಬೆರಳಿಗೆ ಬರುತ್ತಿತ್ತು. ಯಾರು ಸೂರ್ಯಕಾಂತಿ ಬೀಜ ಎಲ್ಲಿ ಬಚ್ಚಿಟ್ಟುಕೊಳ್ಳುತ್ತಾರೆ, ಯಾರು ಯಾವ ಹಾಡು ಗುನುಗುತ್ತಾರೆ, ರಸ್ತೆ ದಾಟಲೋ ಬೇಡವೋ ಎಂದು ನಿಂತ ಕೋಳಿಯ ಹಾಗೆ ಹೊಸ ಮ್ಯಾನೇಜರು ಹೊಸ್ತಿಲಲ್ಲಿ ಹೇಗೆ ನಿಲ್ಲುತ್ತಾರೆ, ಎಲ್ಲ. ನಡುನಡುವೆ ಹೆತ್ತ ತಾಯಿಗೂ ಹೇಳದ ಮಾತುಗಳು. ಇವತ್ತು ಹನ್ನೊಂದಕ್ಕೆ ಇಸಾರಿನ ನೆತ್ತಿಯ ಶಿಲುಬೆಯ ಹತ್ತಿರ ಅವನನ್ನು ಮೊದಲ ಸಲ ನೋಡುವವಳಿದ್ದಳು. ಆ ಕಾಗದಗಳನ್ನು ಒಗ್ನೆನ್ ಗಟ್ಟಿಯಾಗಿ ಓದಿಬಿಟ್ಟರೆ ಅವಳು ಬೆಟ್ಟಕ್ಕಿರಲಿ, ಬೀದಿಗೂ ಮುಖ ತೋರಿಸುವ ಹಾಗಿರಲಿಲ್ಲ.

ಹತ್ತಾಯಿತು. ಮಿಷನ್ನುಗಳು ನಿಂತವು.

“ಬಾಗಿಲ ಪಕ್ಕದ ಮೇಜಿನಿಂದಲೇ ಶುರು ಮಾಡೋಣ,” ಎಂದ ಒಗ್ನೆನ್. “ನೀನು ಬಾ.”

ಬಾಗಿಲ ಪಕ್ಕದ ಮೇಜು ರುಮೇನಾಳದೇ. ಪಕ್ಕದಲ್ಲಿದ್ದ ದೋಸ್ತಕ್ಕ, ಮೂವತ್ತು ವರ್ಷ ಕಾಲರು ಹೊಲಿದ ಹಿರಿಯಳು, ಮೆಲ್ಲಗೆ ಬೆನ್ನು ತಟ್ಟಿದಳು. “ಹೋಗು ಮಗಳೇ, ನುಂಗಿಬಿಡಲ್ಲ.”

ಕೋಣೆಯಲ್ಲಿ ಕಂಪ್ಯೂಟರು ಬೆಳಗುತ್ತಿತ್ತು. ಹೆಸರು, ಗುಪ್ತಪದ ಎಂಬ ಎರಡು ಖಾಲಿ ಚೌಕ. ಕೋಣೆಗೆ ಇನ್ನೊಂದು ಬಾಗಿಲಿತ್ತು, ಅಂಗಳಕ್ಕೆ ತೆರೆಯುವಂಥದ್ದು. ಹೊರಗೆ ಬಾದಾಮಿ ಗಿಡ ಹೂಬಿಟ್ಟು ಬೆಳ್ಳಗೆ ನಿಂತಿತ್ತು.

“ಕೂತ್ಕೊ. ತಪ್ಪು ಮಾಡದವರಿಗೆ ಭಯ ಯಾಕೆ?” ಎಂದ ಒಗ್ನೆನ್.

ಆಗುವುದಿಲ್ಲ ಎನ್ನಬೇಕೆಂದು ರುಮೇನಾ ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದಳು. ಬಾಯಿ ತೆರೆದರೆ ಬಂದದ್ದು ಬೇರೆಯೇ. ಅಂದು ಊರಿನ ಪ್ರತಿ ನಾಲಿಗೆಯ ತುದಿಯಲ್ಲಿದ್ದ ಮಾತೇ ಅವಳ ಬಾಯಿಂದಲೂ ಜಾರಿತು.

“ಚೆತರ್ಸೆಯ ಶುಭಾಶಯ, ಸಾಹೇಬ್ರೆ.”

ಅಷ್ಟೇ. ಅವಳ ಕಾಲುಗಳು ಅವಳನ್ನು ಕೇಳಲಿಲ್ಲ, ನೇರ ಅಂಗಳದ ಬಾಗಿಲಿಂದ ಹೊರಗೆ ಒಯ್ದವು. ಬಾದಾಮಿ ಗಿಡ ಹಿಡಿದು ನಿಂತಾಗಲೇ ತಾನು ಓಡಿಬಂದದ್ದು ಅವಳಿಗೆ ತಿಳಿದದ್ದು. ಕೆಲಸ ಹೋಯಿತು ಎಂದುಕೊಂಡಳು. ಕಾಗದಗಳು ಉಳಿದವು ಎಂದೂ ಅಂದುಕೊಂಡಳು.

ತೆರೆದ ಬಾಗಿಲಿಂದ ದೋಸ್ತಕ್ಕನ ದನಿ ಕೇಳಿತು. “ಚೆತರ್ಸೆಯ ಶುಭಾಶಯ, ಸಾಹೇಬ್ರೆ.”

“ಆಯ್ತು, ನಿಮಗೂ. ಈಗ ಕೂತ್ಕೊಳ್ಳಿ.”

“ಕೂರೋಕೆ ಇವತ್ತು ಯಾರಿಗೆ ಪುರಸೊತ್ತು?” ಎನ್ನುತ್ತ ದೋಸ್ತಕ್ಕ ಏಪ್ರನ್ನಿಗೆ ಕೈ ಒರೆಸಿಕೊಂಡು ಅಂಗಳಕ್ಕೆ ಬಂದಳು. ಬಂದವಳೇ ರುಮೇನಾಳ ಕೆನ್ನೆ ಹಿಂಡಿದಳು. “ಏನ್ ತಲೆ ಓಡಿಸಿದೀಯೆ ಕಳ್ಳಿ. ಮೊದಲೇ ಹೇಳೋದಲ್ವಾ, ನಾನು ರಾತ್ರಿಯೆಲ್ಲ ನಿದ್ದೆಗೆಟ್ಟೆ.”

ಉಪಾಯವಲ್ಲ, ಹೆದರಿ ಓಡಿಬಂದೆ ಎಂದು ರುಮೇನಾ ಹೇಳಬೇಕಿತ್ತು. ಅಷ್ಟರಲ್ಲಿ ಒಳಗೆ ಸಾಲು ಹೊರಟಾಗಿತ್ತು. ಮೂರನೆಯವಳು, ನಾಲ್ಕನೆಯವಳು, ಗುಂಡಿ ಹಚ್ಚುವವರು, ಇಸ್ತ್ರಿಯವರು, ಒಬ್ಬರ ಬೆನ್ನಿಗೊಬ್ಬರು. ಕೀಲಿಮಣೆಯನ್ನು ಯಾರೂ ಮುಟ್ಟಲಿಲ್ಲ.

“ಚೆತರ್ಸೆಯ ಶುಭಾಶಯ, ಸಾಹೇಬ್ರೆ.”

“ಇದೇನು ಆಟ? ಖಾತೆ ತೆರೀದವರು ಸೋಮವಾರ ಬರಬೇಕಾಗಿಲ್ಲ.”

“ಯಾರೂ ಬರದಿದ್ರೆ ಆ ಅಂಗಿಗಳಿಗೆ ತೋಳು ನೀವೇ ಹಚ್ತೀರಾ?” ಇದು ಇಸ್ತ್ರಿಯ ವಾಂಗೆಲಿಯಾ. “ಎಡ ಬಲ ನೋಡ್ಕೊಂಡು ಹಚ್ಚಿ, ಶುಭಾಶಯ.”

ಅಂಗಳದಲ್ಲಿ ನಗು ಉಕ್ಕಿತು. ದೋಸ್ತಕ್ಕ ಬೆರಳು ಮಡಿಸಿ ಎಣಿಸುತ್ತಿದ್ದಳು. “ಇಪ್ಪತ್ತೆಂಟು. ಪುಣ್ಯವಂತ ಕಣ್ರೇ ನಮ್ಮ ಸಾಹೇಬ, ಬೆಟ್ಟ ಹತ್ತೋ ಕಷ್ಟಾನೇ ಇಲ್ಲ, ಕೂತಲ್ಲೇ ನಲವತ್ತು ತುಂಬ್ತಾ ಇದೆ.”

ಒಳಗಿನ ಪ್ರತಿ ಶುಭಾಶಯಕ್ಕೂ ರುಮೇನಾಳ ಎದೆಯ ಭಾರ ಒಂದೊಂದು ಎಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ಮೂವತ್ತರ ನಂತರ ಒಗ್ನೆನ್ ಬೆದರಿಸುವುದನ್ನು ಬಿಟ್ಟ. ಮೂವತ್ತೈದನೆಯವಳಿಗೆ ಅವನೂ “ಶುಭಾಶಯ” ಎಂದುಬಿಟ್ಟ. ಹೇಳಿದವರಿಗೆ ತಿರುಗಿ ಹೇಳದಿರುವುದು ಸ್ಕೋಪ್ಯೆಯವನಿಂದಲೂ ಆಗಲಿಲ್ಲ.

ಕೊನೆಯವಳು ಬ್ಲಾಗುನಾ. ಅವಳು ಒಳಗೆ ಕೊಂಚ ಹೊತ್ತು ನಿಂತಳು. ಅಂಗಳದವರೆಲ್ಲ ಬಾಗಿಲ ಕಡೆ ತಿರುಗಿದರು.

“ನಂದೂ ಶುಭಾಶಯ, ಸಾಹೇಬ್ರೆ. ನಿನ್ನೆ ನೀವು ಓದಿದ್ದು ನನ್ನ ಮನೆ ಮಾತು. ಇನ್ಮೇಲೆ ಓದಬೇಡಿ.”

ತಲೆ ಎತ್ತಿಕೊಂಡೇ ಹೊರಗೆ ಬಂದ ಅವಳನ್ನು ಹೆಂಗಸರು ಹೆಗಲು ಹಿಡಿದು ನಡುವೆ ಎಳೆದುಕೊಂಡರು. ಗೇಟಿನಾಚೆ ಊರು ಆಗಲೇ ಬೆಟ್ಟದ ಕಡೆ ಹರಿಯುತ್ತಿತ್ತು. ಎಲ್ಲಿಂದಲೋ ಡೋಲಿನ ಸದ್ದು. ಗಂಟೆ ಹತ್ತೂ ಇಪ್ಪತ್ತು. ರುಮೇನಾ ಏಪ್ರನ್ನು ಬಿಚ್ಚಿ ಗಿಡದ ಕೊಂಬೆಗೆ ಎಸೆದಳು.

“ಅಬ್ಬಾ, ಇವಳ ಅವಸರ ನೋಡಿ,” ಎಂದಳು ದೋಸ್ತಕ್ಕ. “ಮೇಲೆ ಯಾರು ಕಾಯ್ತಿದಾರೆ?”

“ನೆತ್ತೀಲಿ ತೋರಿಸ್ತೀನಿ, ದೋಸ್ತಕ್ಕ,” ಎಂದಳು ರುಮೇನಾ. ಅಂದು ಅವಳು ಜೋರಾಗಿ ಆಡಿದ ಎರಡನೆಯ ಮಾತು ಅದು. ಆಡಿದ್ದೇ ಓಡಿದಳು. ಉಳಿದವರೂ ನಗುತ್ತ ಹಿಂದೆ ಬಿದ್ದರು.

ಕಿಟಕಿ ತೆರೆದ ಸದ್ದಾಯಿತು. ಒಗ್ನೆನ್ ಅರ್ಧ ಮೈ ಹೊರಗೆ ಬಾಗಿಸಿದ್ದ.

“ಯಾರಾದ್ರೂ ಒಬ್ಬರು ವಾಪಸ್ ಬನ್ನಿ,” ಎಂದ. “ಒಬ್ಬರೇ ಒಬ್ಬರು ತೆರೆದು ತೋರಿಸಿ ಹೋಗಿ.” ಅಷ್ಟರಲ್ಲಿ ಅಂಗಳ ಖಾಲಿಯಾಗಿತ್ತು, ಕೊಂಬೆಯ ಮೇಲೆ ರುಮೇನಾಳ ಏಪ್ರನ್ನೊಂದೇ ಉಳಿದಿತ್ತು.