ಮೊದಲ ಬಾಣಲೆ

ಚಿಂತಾಮಣಿಯ ಹಳೇ ಪೇಟೆಯ ಹಿಂದಿನ ಓಣಿಯಲ್ಲಿ ಬಯ್ಯಪ್ಪನ ಕಡಲೆಪುರಿ ಭಟ್ಟಿ ಇತ್ತು. ಬೆಳಗಿನ ಹೊತ್ತು ಆ ಓಣಿಗೆ ಕಾಲಿಟ್ಟವರಿಗೆ ಮೊದಲು ಬಡಿಯುತ್ತಿದ್ದದ್ದು ಕಾದ ಮರಳಿನ ವಾಸನೆ, ಆಮೇಲೆ ಬಯ್ಯಪ್ಪನ ಬಾಯಿ. ಒಲೆ ಉರಿಸಲು ಹಸಿ ಹೊಟ್ಟು ತಂದ ಗಾಡಿಯವನಿಗೆ ಬೈಗುಳ, ಚೀಲ ಹರಿದು ಕೊಟ್ಟ ಅಂಗಡಿಯವನಿಗೆ ಬೈಗುಳ, ಯಾರೂ ಸಿಗದಿದ್ದರೆ ಒಲೆಗೇ ಬೈಗುಳ. ಅಂಗಡಿಯವರು ಅವನ ಪುರಿಗಾಗಿ ಅವನನ್ನು ಸಹಿಸಿಕೊಂಡಿದ್ದರು.

ಅವನ ಹೆಂಡತಿ ಗಂಗುಲಮ್ಮನಿಗೆ ಮಾತ್ರ ಆ ಬೈಗುಳ ಕಿವಿಗೆ ಬಿದ್ದರೇ ಸಮಾಧಾನ. ಗಂಡ ಕೂಗಾಡುತ್ತಿದ್ದಾನೆ ಎಂದರೆ ಗಂಡ ನೆಟ್ಟಗಿದ್ದಾನೆ.

ಹಾಗನ್ನಿಸಲು ಕಾರಣ ಅವಳ ಮಾವ ಕೋನಪ್ಪ. ಕೆಂಚಾರ್ಲಹಳ್ಳಿಯಲ್ಲಿ ಎತ್ತಿನ ಗಾಣ ಇಟ್ಟುಕೊಂಡಿದ್ದ ಮನುಷ್ಯ, ಕರೆಂಟಿನ ಎಣ್ಣೆ ಮಿಲ್ಲು ಬಂದ ವರ್ಷ ಗಾಣ ನಿಲ್ಲಿಸಿ ಜಗಲಿಯ ಮೇಲೆ ಕೂತುಬಿಟ್ಟ. ಕಾಯಿಲೆ ಏನೂ ಇರಲಿಲ್ಲ. ಕೊಟ್ಟರೆ ಉಣ್ಣುತ್ತಿದ್ದ, ಕೊಡದಿದ್ದರೆ ಕೇಳುತ್ತಿರಲಿಲ್ಲ. ಗಂಗುಲಮ್ಮ ಹೊಸ ಸೊಸೆಯಾಗಿ ಬಂದ ದಿನಗಳಲ್ಲಿ ಒಮ್ಮೆ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಮಾವ ಅದನ್ನೇ ಮುದ್ದೆಯ ಜೊತೆ ಉಂಡು, ಕೈ ತೊಳೆದು, "ಚೆನ್ನಾಗಿದೆ ಕಣಮ್ಮ" ಎಂದಿದ್ದ. ಆಮೇಲೆ ತಾನು ಉಣ್ಣಲು ಕೂತಾಗ ಅವಳಿಗೆ ಗೊತ್ತಾಯಿತು. ಬೈದಿದ್ದರೆ ಅಳುತ್ತಿದ್ದಳು, ಅಷ್ಟೇ. ಬೈಯದೆ ಹೋದದ್ದರಿಂದ ಅವಳಿಗೆ ಹೆದರಿಕೆಯಾಯಿತು. ಅದಾದ ಮೂರನೇ ವರ್ಷ ಮಾವ ಅದೇ ಜಗಲಿಯ ಮೇಲೆ ಕೂತಲ್ಲೇ ಹೋದ.

"ನಾನು ಮಾತ್ರ ಜಗಲಿ ಹಿಡಿಯಲ್ಲ ಕಣೇ" ಎಂದು ಬಯ್ಯಪ್ಪ ಅವಳನ್ನು ಕರೆದುಕೊಂಡು ಚಿಂತಾಮಣಿಗೆ ಬಂದು ಭಟ್ಟಿ ಹಾಕಿದ. ಮಳೆಯಾಗಲಿ, ಮೈಲಿಗೆಯಾಗಲಿ, ಗಿರಾಕಿ ಇರಲಿ, ಇಲ್ಲದಿರಲಿ, ಕೋಳಿ ಕೂಗುವ ಹೊತ್ತಿಗೆ ಒಲೆ ಹೊತ್ತಬೇಕು. ಬೋಣಿ ಆಗುವವರೆಗೆ, ಅಂದರೆ ದಿನದ ಮೊದಲ ವ್ಯಾಪಾರ ಆಗುವವರೆಗೆ, ಅವನು ಬಾಯಿಗೆ ನೀರೂ ಹಾಕುತ್ತಿರಲಿಲ್ಲ. ಹೊಟ್ಟೆ ಹಸಿದಿದ್ದರೆ ಮನುಷ್ಯ ಕೂರುವುದಿಲ್ಲ ಎಂಬುದು ಅವನ ಲೆಕ್ಕ.

ಒಲೆ ಅವನದಾದರೆ ಉಪ್ಪು ಅವಳದು. ಪುರಿ ಅಕ್ಕಿಗೆ ಉಪ್ಪುನೀರು ಹಿಡಿಸಿ ಆರಲು ಬಿಟ್ಟು, ಆಮೇಲೆ ಕಾದ ಮರಳಿಗೆ ಹಾಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳುತ್ತದೆ. ಆ ಉಪ್ಪುನೀರಿಗೆ ಅಳತೆ ನಡೆಯದು. ಕಲ್ಲುಪ್ಪು ಒಂದು ಸಲ ಒದ್ದೆ ಬರುತ್ತದೆ, ಒಂದು ಸಲ ಒಣಗಿ ಬರುತ್ತದೆ. ಅಕ್ಕಿಯೂ ಹಾಗೇ, ಒಂದು ಹೆಚ್ಚು ಹೀರುತ್ತದೆ, ಒಂದು ಕಡಿಮೆ. ಅದಕ್ಕೇ ದಿನದ ಮೊದಲ ಬಾಣಲೆ ಹುರಿದು, ಬಾಯಿಗೆ ಹಾಕಿ ನೋಡಿ, ಉಪ್ಪು ಹೆಚ್ಚಾಗಿದ್ದರೆ ಮಿಕ್ಕ ಅಕ್ಕಿಗೆ ಸಪ್ಪೆ ಅಕ್ಕಿ ಬೆರೆಸಬೇಕು, ಕಡಿಮೆಯಾಗಿದ್ದರೆ ಇನ್ನಷ್ಟು ನೀರು ಚಿಮುಕಿಸಬೇಕು. ಇಷ್ಟು ವರ್ಷ ಅದನ್ನು ಹೇಳುತ್ತಿದ್ದದ್ದು ಗಂಗುಲಮ್ಮನ ನಾಲಿಗೆ. "ನಮ್ಮೋಳ್ದು ನಾಲಿಗೆಯಲ್ಲ, ತಕ್ಕಡಿ" ಎಂದು ಬಯ್ಯಪ್ಪ ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅವಳ ಎದುರಿಗೆ ಮಾತ್ರ ಹೇಳಿದವನಲ್ಲ.

ತೊಂಬತ್ತೆರಡರ ಮಳೆಗಾಲದಲ್ಲಿ ಅವಳಿಗೆ ವಿಷಮಶೀತ ಜ್ವರ ಬಂತು. ಜ್ವರ ಬಿಟ್ಟಿತು. ಬಿಡುವಾಗ ನಾಲಿಗೆಯ ರುಚಿಯನ್ನೂ ತೆಗೆದುಕೊಂಡು ಹೋಯಿತು. ಹುಣಸೆಹಣ್ಣು, ಬೆಲ್ಲ, ಉಪ್ಪಿನ ಹರಳು, ಎಲ್ಲವೂ ಒದ್ದೆ ಮಣ್ಣಿನ ಹಾಗೆ. ಸರಿಹೋದೀತು ಎಂದು ಕಾದಳು. ಸಂಕ್ರಾಂತಿಗೆ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು ಸುಮ್ಮನೆ ಅಗಿದಾಗ, ಇನ್ನು ಬರುವುದಿಲ್ಲ ಎಂದು ಖಾತ್ರಿಯಾಯಿತು.

ಗಂಡನಿಗೆ ಹೇಳಲಿಲ್ಲ. ಅಷ್ಟು ಹೊತ್ತಿಗೆ ಮಿಷನ್ ಪುರಿ ಲಾರಿಯಲ್ಲಿ ಬಂದು ಇಳಿಯಲು ಶುರುವಾಗಿತ್ತು. ಬೆಳ್ಳಗೆ, ದಪ್ಪಗೆ, ಅಗ್ಗಕ್ಕೆ. ಅಂಗಡಿಯವರು ಒಬ್ಬೊಬ್ಬರಾಗಿ ಜಾರುತ್ತಿದ್ದರು. ಬಯ್ಯಪ್ಪ ಮಾತ್ರ, "ಅದು ಪುರಿಯಲ್ಲ ಕಣೋ, ಹತ್ತಿ. ಬಾಯಿಗಾಕ್ಕೊಂಡ್ರೆ ರುಚಿ ಎಲ್ಲದೆ ಹೇಳು? ನಮ್ಮೋಳ್ ನಾಲಿಗೆ ಇರೋ ತನಕ ನನ್ನ ಭಟ್ಟಿ ಆರಲ್ಲ" ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ಅವನ ಛಲಕ್ಕೆಲ್ಲ ಇದ್ದ ಒಂದೇ ಊರುಗೋಲು ಅದು. ಅದೂ ಮುರಿದಿದೆ ಎಂದು ಯಾವ ಬಾಯಲ್ಲಿ ಹೇಳಲಿ?

ಅವಳು ಬೇರೆ ದಾರಿ ಹುಡುಕಿಕೊಂಡಿದ್ದಳು. ಮೊದಲ ಬಾಣಲೆಯನ್ನು ಮಾರುವ ಪದ್ಧತಿ ಈ ಭಟ್ಟಿಯಲ್ಲಿ ಮೊದಲಿಂದಲೂ ಇರಲಿಲ್ಲ. ಓಣಿಯಲ್ಲಿ ಹೋಗುವವರಿಗೆ ಒಂದೊಂದು ಹಿಡಿ ಹಂಚುತ್ತಿದ್ದರು. ಈಗ ಅವಳು ಹಂಚುತ್ತಾ ಮುಖ ನೋಡುತ್ತಿದ್ದಳು. ಎದುರು ಮನೆಯ ಷಮೀಮ್, ಬೀಡಿ ಕಟ್ಟುವವಳು, ಸೆರಗೊಡ್ಡಿ ತೆಗೆದುಕೊಂಡು ಹೋಗುತ್ತಾ ಹುಬ್ಬು ಗಂಟಿಕ್ಕಿದರೆ ಉಪ್ಪು ಜಾಸ್ತಿ. ಹಾಲಿನ ಎರ್ರಪ್ಪನಿಗೆ ಮುಖ ಓದುವ ಅಗತ್ಯವೇ ಇರಲಿಲ್ಲ. ಸೈಕಲ್ಲಿಂದ ಇಳಿಯದೆಯೇ ಬಾಯಿ ತುಂಬ ಹಾಕಿಕೊಂಡು ತೀರ್ಪು ಕೊಡುತ್ತಿದ್ದ.

"ಉಪ್ಪು ತಕ್ಕುವ ಅಕ್ಕಾ. ಇವತ್ತು ಬಯ್ಯಪ್ಪಣ್ಣನ ಜೊತೆ ಜಗಳ ಆಡ್ಲಿಲ್ವಾ?"

"ಕಮ್ಮಿ ಆಯ್ತಾ?"

"ಜಗಳ ಆಡಿದ್ ದಿನ ನಿನ್ ಕೈ ಜೋರು. ಇವತ್ತು ಸಪ್ಪೆ."

ಅವಳು ನಗುತ್ತಾ ಒಳಗೆ ಹೋಗಿ ಇನ್ನೊಂದು ಚೆಂಬು ಉಪ್ಪುನೀರು ಚಿಮುಕಿಸುತ್ತಿದ್ದಳು. ಹೀಗೆ ಒಂದು ಬೇಸಗೆ ದಾಟಿತು. ಪುರಿಯ ರುಚಿ ಕೆಟ್ಟಿತೆಂದು ಯಾರೂ ಹೇಳಲಿಲ್ಲ. ಷಮೀಮ್‌ಗೆ ಮಾತ್ರ ಏನೋ ಅನುಮಾನ ಇದ್ದಿರಬೇಕು. ಕೇಳದಿದ್ದರೂ ದಿನಾ "ಅಕ್ಕ, ಬರೋಬರ್ ಇದೆ" ಎಂದು ತಾನಾಗಿಯೇ ಹೇಳಿ ಹೋಗುತ್ತಿದ್ದಳು.

ಮುಂದಿನ ವರ್ಷ ಉಗಾದಿ ಕಳೆದ ಮೇಲೆ ಗೌರಿಬಿದನೂರಿನ ದೊಡ್ಡ ಕಿರಾಣಿ ಅಂಗಡಿಯ ಚೆನ್ನರಾಯಪ್ಪ ಭಟ್ಟಿಗೆ ಬಂದ. ಸ್ಟೂಲಿನ ಮೇಲೆ ಕೂತು, ಎದುರಿಗೇ ಹುರಿಸಿ ತಿಂದು, ತಲೆಯಾಡಿಸಿದ.

"ಮಿಷನ್ದು ಜನಕ್ಕೆ ಬೇಜಾರಾಗ್ಯದೆ ಬಯ್ಯಪ್ಪ. ಸೋಮವಾರ ಒಂದು ಲೋಡು ಕಳಿಸು. ಅದು ಇದೇ ರುಚಿ ಇದ್ರೆ, ವಾರವಾರ ನಿಂದೇ."

"ಇದೇ ರುಚಿ ಇಲ್ದೆ ಇನ್ನೇನಿರ್ತದೆ? ನನ್ ಭಟ್ಟಿಗೆ ಬಂದು ನನ್ನನ್ನೇ ಕೇಳ್ತೀಯಲ್ಲ ನೀನು."

"ಕೋಪ ಮಾಡ್ಕಬ್ಯಾಡಪ್ಪ. ಒಂದ್ಮಾತು ಹೇಳ್ತೀನಿ. ವ್ಯಾಪಾರ ಮುಳುಗೋದು ಸೋರಿಕೆಯಿಂದ. ಬೀದಿಲಿ ಹೋಗೋರಿಗೆಲ್ಲ ಹಿಡಿಹಿಡಿ ಕೊಡ್ತಾ ನಿಂತವ್ಳಲ್ಲ ನಿನ್ನ ಹೆಂಡ್ತಿ, ಅದೇನು ಧರ್ಮಛತ್ರವಾ?"

ಚೆನ್ನರಾಯಪ್ಪ ಹೋದ ಮೇಲೂ ಆ ಮಾತು ಹೋಗಲಿಲ್ಲ. ಮಾರನೇ ಬೆಳಗ್ಗೆ ಬಯ್ಯಪ್ಪ ಮೊದಲ ಬಾಣಲೆಯನ್ನು ಜರಡಿಯಿಂದ ನೇರವಾಗಿ ಚೀಲಕ್ಕೆ ಸುರಿದ.

"ಇವತ್ತಿಂದ ಹಂಚೋದು ಬಂದ್."

"ಬ್ಯಾಡ, ಅದೊಂದು ಮಾತ್ರ ನಿಲ್ಲಿಸಬ್ಯಾಡಿ" ಎಂದಳು ಗಂಗುಲಮ್ಮ.

"ಯಾಕೆ?"

"ನಿಮ್ಮಪ್ಪನ ಗಾಣದ ಕಾಲದಿಂದ ಬಂದಿರೋ ಪದ್ಧತಿ."

"ನಮ್ಮಪ್ಪನೂ ಬಂದೋರಿಗೆಲ್ಲ ಮೊದಲ ಎಣ್ಣೆ ಕೊಡ್ತಿದ್ದ. ಕೊನೆಗೇನಾದ?"

ಅದಕ್ಕೆ ಅವಳ ಬಳಿ ಇದ್ದದ್ದು ಒಂದೇ ಉತ್ತರ, ಅದನ್ನು ಹೇಳುವಂತಿರಲಿಲ್ಲ. ಅಷ್ಟರಲ್ಲಿ ಎರ್ರಪ್ಪ ಎಂದಿನಂತೆ ಸೈಕಲ್ಲು ನಿಲ್ಲಿಸಿ ಕೈ ಚಾಚಿದ. "ಏನಯ್ಯಾ, ನಿನ್ ಹಾಲು ನನಗೆ ಪುಕಸಟ್ಟೆ ಕೊಡ್ತೀಯಾ? ನಡಿ ಆಚೆ" ಎಂದು ಬಯ್ಯಪ್ಪ ಓಣಿಗೆಲ್ಲ ಕೇಳುವಂತೆ ಕೂಗಿದ. ಎರ್ರಪ್ಪ ಚಾಚಿದ ಕೈಯನ್ನು ಪಂಚೆಗೆ ಒರೆಸಿಕೊಂಡು, ಗಂಗುಲಮ್ಮನ ಕಡೆ ಒಂದು ಸಲ ನೋಡಿ, ಪೆಡಲು ತುಳಿದ. ಮರುದಿನದಿಂದ ಪಕ್ಕದ ಬೀದಿಯಲ್ಲಿ ಸುತ್ತಿಕೊಂಡು ಹೋಗತೊಡಗಿದ.

ಉಳಿದದ್ದು ಷಮೀಮ್ ಒಬ್ಬಳೇ. ಗಂಡ ಹೊಟ್ಟು ತರಲು ಹಿತ್ತಿಲಿಗೆ ಹೋದಾಗ ಗಂಗುಲಮ್ಮ ಸೆರಗಿನಲ್ಲಿ ಒಂದು ಹಿಡಿ ಮುಚ್ಚಿಕೊಂಡು ಹೋಗಿ ಅವಳಿಗೆ ಕೊಟ್ಟು ಬರುತ್ತಿದ್ದಳು. ತನ್ನ ಭಟ್ಟಿಯ ಪುರಿಯನ್ನು ತಾನೇ ಕದಿಯುವ ಸ್ಥಿತಿ.

ಗೌರಿಬಿದನೂರಿನ ಲೋಡು ಹುರಿಯುವ ಭಾನುವಾರ ಷಮೀಮಳ ಬಾಗಿಲಿಗೆ ಬೀಗ ಬಿದ್ದಿತ್ತು. ತಂಗಿಗೆ ಹೆರಿಗೆ ನೋವು ಎಂದು ಸುದ್ದಿ ಬಂದು, ಮುಂಜಾನೆಯ ಮೊದಲ ಬಸ್ಸಿಗೇ ಶಿಡ್ಲಘಟ್ಟಕ್ಕೆ ಹೋಗಿದ್ದಳು.

ಗಂಗುಲಮ್ಮ ಬೀಗ ನೋಡಿ ವಾಪಸು ಬಂದಳು. ಉಪ್ಪಿನ ಮೂಟೆ ಹೊಸದು. ಬೇಸಗೆಯ ಉಪ್ಪು, ಗಾಜಿನ ಚೂರಿನ ಹಾಗೆ ಒಣಗಿತ್ತು. ಎಷ್ಟು ಹಾಕಿದ್ದೇನೆ ಎಂದು ಕೈಗೆ ಗೊತ್ತು, ಎಷ್ಟು ಹಿಡಿದಿದೆ ಎಂದು ಯಾರಿಗೆ ಗೊತ್ತು? ಒಂದು ಹಿಡಿ ತೆಗೆದು ಗಂಡನ ಮುಂದೆ ಹಿಡಿದಳು.

"ಒಂದಿಷ್ಟು ಬಾಯಿಗಾಕ್ಕೊಂಡ್ ನೋಡಿ."

"ತಲೆ ನೆಟ್ಟಗದಾ ನಿಂಗೆ? ಬೋಣಿ ಆಗಿಲ್ಲ ಇನ್ನೂ."

"ಇದೊಂದು ದಿನ."

"ನೀನಿರುವಾಗ ನಾನ್ಯಾಕೆ ನೋಡ್ಲಿ? ನೀನ್ ಸರಿ ಅಂದ್ರೆ ಸರಿ. ಹೇಳು, ಸರಿಯಾಗ್ಯದಾ?"

ಮರಳು ಕಾದು ಕೆಂಪಗಾಗಿತ್ತು. ಅವನು ಸೌಟು ಹಿಡಿದು ನಿಂತಿದ್ದ. ಮುಖದ ತುಂಬ ಬೆವರು, ಕಣ್ಣಿನ ತುಂಬ ಗೌರಿಬಿದನೂರು. ಅವಳು ಆ ಹಿಡಿಯನ್ನು ತನ್ನ ಬಾಯಿಗೆ ಹಾಕಿಕೊಂಡು ಅಗಿದಳು. ಒದ್ದೆ ಮಣ್ಣು. ಸಪ್ಪೆಯಾಗಿದ್ದರೆ ಮಿಷನ್ ಪುರಿಗೂ ಇದಕ್ಕೂ ಏನು ವ್ಯತ್ಯಾಸ ಎಂದುಬಿಟ್ಟಾರು ಎಂಬ ಭಯ ಹುಟ್ಟಿತು. ಆ ಭಯದಲ್ಲಿ ಇನ್ನೂ ಒಂದು ಚೆಂಬು ಉಪ್ಪುನೀರು ಚಿಮುಕಿಸಿದಳು.

"ಈಗ ಸರಿ" ಎಂದಳು.

ಲೋಡು ಹೋಯಿತು. ಬುಧವಾರ ಅದೇ ಟೆಂಪೋದಲ್ಲಿ ವಾಪಸು ಬಂತು. ಜೊತೆಗೆ ಚೆನ್ನರಾಯಪ್ಪನೂ ಬಂದ. ಕೂಗಾಡಲಿಲ್ಲ. ಒಂದು ಚೀಲದ ಬಾಯಿ ಬಿಚ್ಚಿ, "ನೀನೇ ತಿಂದು ನೋಡಪ್ಪ. ಸಮುದ್ರ ಹುರಿದಿದ್ದೀಯ" ಎಂದ. ಬಯ್ಯಪ್ಪನ ಬೋಣಿ ಅವತ್ತು ಬೆಳಗ್ಗೆಯೇ ಆಗಿತ್ತು. ಒಂದು ಹಿಡಿ ಬಾಯಿಗೆ ಹಾಕಿಕೊಂಡ. ಮುಖ ಕಿವುಚಿ ಥೂ ಎಂದು ಉಗಿದ. ಚೆನ್ನರಾಯಪ್ಪ ಟೆಂಪೋ ಹತ್ತಿದ. ವಾರವಾರದ ಮಾತು ಅಲ್ಲಿಗೆ ಮುಗಿಯಿತು.

ಬಯ್ಯಪ್ಪ ಹೆಂಡತಿಯ ಕಡೆ ತಿರುಗಿದ. ಓಣಿಯ ಜನ ಬಾಗಿಲಿಗೆ ಬಂದು ನಿಂತಿದ್ದರು.

"ಕಣ್ಣಲ್ಲಿ ರುಚಿ ನೋಡಿದ್ಯಾ? ನಾಲಿಗೆ ಎಲ್ಲಿ ಅಡ ಇಟ್ಟಿದ್ದೆ? ನಾಯಿನೂ ಮೂಸಲ್ಲ ಇದನ್ನ. ಸರಿ ಅಂದ್ಯಲ್ಲೇ, ಈಗ ಸರಿ ಅಂದ್ಯಲ್ಲ. ಹೇಳು, ಬಾಯಿ ಬಿಡು."

ಬೈಯಲಿ ಎಂದುಕೊಂಡಳು ಅವಳು. ಬೈದು ಬೈದು ಸುಸ್ತಾದರೆ ನಾಳೆ ಮತ್ತೆ ಒಲೆ ಹಚ್ಚುತ್ತಾನೆ. ಆದರೆ ಅವನು ಮತ್ತೆ ಮತ್ತೆ ಅದನ್ನೇ ಕೇಳಿದ. ಅವಳಿಗೂ ಸಾಕಾಗಿತ್ತು.

"ನನ್ನ ನಾಲಿಗೆ ಸತ್ತೋಗ್ಯದೆ" ಎಂದಳು. "ಆಚೆ ವರ್ಷ ಜ್ವರ ಬಂತಲ್ಲ, ಆವಾಗಲೇ. ಇಷ್ಟು ದಿನ ಎರ್ರಪ್ಪನ ಬಾಯಿ ನೋಡ್ಕೊಂಡು ಉಪ್ಪು ಹಾಕ್ದೆ. ಅವನ್ನ ನೀವು ಓಡಿಸಿದ್ರಿ."

ಬಯ್ಯಪ್ಪನ ಬಾಯಿ ತೆರೆದಿದ್ದದ್ದು ಹಾಗೇ ಮುಚ್ಚಿಕೊಂಡಿತು. ಆಮೇಲೆ ಒಲೆಯ ಹತ್ತಿರ ಹೋಗಿ, ಉರಿಯುತ್ತಿದ್ದ ಹೊಟ್ಟನ್ನು ಕೋಲಿನಿಂದ ಎಳೆದು ಹರಡಿ, ನೀರು ಸುರಿದ. ಹೊರಗೆ ಬಂದು ಜಗಲಿಯ ಮೇಲೆ ಕೂತ.

ಮಾರನೇ ದಿನ ಒಲೆ ಹೊತ್ತಲಿಲ್ಲ. ಅದರ ಮಾರನೇ ದಿನವೂ ಹೊತ್ತಲಿಲ್ಲ. ಊಟ ಕೊಟ್ಟರೆ ಉಣ್ಣುತ್ತಿದ್ದ. ಹೊಟ್ಟಿನ ಗಾಡಿಯವನು ಹಸಿ ಹೊಟ್ಟು ತಂದು ಸುರಿದು ಹೋದ. ಬಯ್ಯಪ್ಪ ಅವನ ಕಡೆ ನೋಡಿಯೂ ಏನೂ ಅನ್ನಲಿಲ್ಲ. ಗಾಡಿಯವನೇ ಗಾಬರಿಯಾಗಿ, "ಅಣ್ಣನಿಗೆ ಮೈಗೆ ಹುಷಾರಿಲ್ವಾ?" ಎಂದು ಗಂಗುಲಮ್ಮನನ್ನು ಕೇಳಿದ.

ಷಮೀಮ್ ಶಿಡ್ಲಘಟ್ಟದಿಂದ ವಾಪಸು ಬಂದ ಮಾರನೆಯ ಬೆಳಗ್ಗೆ ಗಂಗುಲಮ್ಮ ತಾನೇ ಒಲೆ ಹಚ್ಚಿದಳು. ಹಸಿ ಹೊಟ್ಟು ಹೊಗೆಯಾಡಿ ಕಣ್ಣು ಉರಿಸಿತು. ಮೊದಲ ಬಾಣಲೆ ಹುರಿದು ಓಣಿಗೆ ತಂದಳು. ಷಮೀಮ್ ಸೆರಗೊಡ್ಡುವ ಬದಲು ಮೊರ ಹಿಡಿದುಕೊಳ್ಳಲು ಬಂದಳು.

"ಅಕ್ಕ, ಗೊತ್ತಿತ್ತು ನಂಗೆ. ನೀನ್ ಹೇಳ್ಲಿಲ್ಲ, ನಾನ್ ಕೇಳ್ಲಿಲ್ಲ. ಆ ಒಂದಿನ ನಾನು ಇರಬೇಕಿತ್ತು."

"ನಿನ್ ತಂಗಿ ಹೆರಿಗೇನಾ ನನ್ನ ಪುರಿಗೋಸ್ಕರ ನಿಲ್ಲಿಸೋಕಾಗುತ್ತಾ? ತಿಂದು ನೋಡಮ್ಮ."

"ಬರೋಬರ್ ಇದೆ" ಎಂದಳು ಷಮೀಮ್. ಮುಖವೂ ಅದನ್ನೇ ಹೇಳುತ್ತಿತ್ತು.

ಗಂಗುಲಮ್ಮ ಒಳಗೆ ಬಂದಳು. ಉಪ್ಪು ಹಾಕದೆ ಎತ್ತಿಟ್ಟಿದ್ದ ಸಪ್ಪೆ ಅಕ್ಕಿ ಮೂಲೆಯ ಪಾತ್ರೆಯಲ್ಲಿತ್ತು. ಒಂದು ಬೊಗಸೆ ತೆಗೆದು ಮರಳಿಗೆ ಹಾಕಿದಳು. ಅದು ಸರಿಯಾಗಿ ಅರಳಲಿಲ್ಲ, ಅರ್ಧಕ್ಕರ್ಧ ಗಟ್ಟಿ ಉಳಿಯಿತು. ಜರಡಿ ಹಿಡಿಯುವಾಗ ಬೇಕೆಂದೇ ಒಂದಿಷ್ಟು ಮರಳನ್ನೂ ಬಿಟ್ಟಳು. ತಟ್ಟೆಗೆ ಹಾಕಿ ಜಗಲಿಗೆ ತಂದಳು. ಇಂಥ ಪುರಿಯನ್ನು ಬಯ್ಯಪ್ಪನ ಮುಂದೆ ಯಾರಾದರೂ ಇಟ್ಟಿದ್ದರೆ, ತಟ್ಟೆ ಓಣಿಯ ಆ ತುದಿಯಲ್ಲಿ ಬೀಳುತ್ತಿತ್ತು. ಬೀಳಲಿ ಎಂದೇ ತಂದಿದ್ದಳು.

"ಬೋಣಿ ಇನ್ನೂ ಆಗಿಲ್ಲ" ಎಂದು ಎಚ್ಚರಿಸಿದಳು. "ಆದ್ರೂ ನೋಡಿ ಹೇಳಿ. ನಂಗೆ ಗೊತ್ತಾಗಲ್ಲವಲ್ಲ."

ಅವನು ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಒಂದು ಹಿಡಿ ಬಾಯಿಗೆ ಹಾಕಿಕೊಂಡ. ಹಲ್ಲಿನ ನಡುವೆ ಮರಳು ಕರಕರ ಅಂದದ್ದು ಅವಳಿಗೂ ಕೇಳಿಸಿತು. ಅವಳು ಕಾದಳು. ಅವನು ಇನ್ನೊಂದು ಹಿಡಿ ತೆಗೆದುಕೊಂಡ. ನಿಧಾನವಾಗಿ ಅಗಿಯುತ್ತಾ ರಸ್ತೆಯ ಕಡೆ ನೋಡಿದ.

"ಚೆನ್ನಾಗಿದೆ ಕಣಮ್ಮ" ಎಂದ.

ಗಂಗುಲಮ್ಮ ಅವನ ಕೈಯಿಂದ ತಟ್ಟೆ ತೆಗೆದುಕೊಂಡಳು. ಒಳಗೆ ಹೋಗಿ ಉಳಿದದ್ದನ್ನು ಒಲೆಗೆ ಸುರಿದಳು. ಓಣಿಯ ಬಾಯಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು. ಷಮೀಮ್ "ಬಾ ಎರ್ರಪ್ಪಣ್ಣ, ಇವತ್ತು ಇದೆ" ಎನ್ನುತ್ತಿದ್ದಳು. ಗಂಗುಲಮ್ಮ ಕಣ್ಣೊರೆಸಿಕೊಂಡು ಸೌಟು ಹಿಡಿದಳು. ಬೈಯುವವರಿಲ್ಲದ ಭಟ್ಟಿಯಲ್ಲಿ ಎರಡನೇ ಬಾಣಲೆಯ ಅಕ್ಕಿ ಮರಳಿಗೆ ಬಿದ್ದು ಚಟಚಟನೆ ಅರಳಿತು.